ಬುಧವಾರದ ಗಾಡಿ

ಕಪ್ಪು ಉಡುಪಿನ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಶೆಡ್ಡಿನ ಬೀಗದ ಕೈ ಹಿಡಿದು, ಮಾರ್ಲಿಸ್ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ದಾಪುಗಾಲು ಹಾಕಿದಳು. ಹಿಂದೆ ಮಗಳು ಜೋಲೀನ್. ಮಗಳ ಹಿಂದೆ, ಕೋಟು ಹಾಕಿ ಟೈ ಬಿಗಿದುಕೊಂಡ ಮೂವರು ಮುದುಕರು. ಗಂಡನನ್ನು ಮಣ್ಣು ಮಾಡುವ ದಿನ ಬೆಳಿಗ್ಗೆ ಹೆಂಗಸಿಗೆ ನೂರು ಕೆಲಸ. ಚರ್ಚಿನ ನೆಲಮಾಳಿಗೆಯಲ್ಲಿ ಊಟದ ಬನ್ನುಗಳಿಗೆ ಹ್ಯಾಮ್ ಇಡುತ್ತಿರುವ ಹೆಂಗಸರು ತುಂಡುಗಳನ್ನು ತೆಳ್ಳಗೆ ಕೊಯ್ದು ಮನೆಯ ಮರ್ಯಾದೆ ಕಳೆಯದಂತೆ ನೋಡಬೇಕು, ಕಾಫಿ ಕಡಿಮೆ ಬೀಳದಂತೆ ನೋಡಬೇಕು, ಉಪದೇಶವನ್ನು ಉದ್ದ ಎಳೆಯಬೇಡ ಎಂದು ಹೊಸ ಪಾದ್ರಿಯಮ್ಮನಿಗೆ ಹೇಳಬೇಕು. ಅದೆಲ್ಲವನ್ನೂ ಬಿಟ್ಟು ಅವಳು ಮೇಲೆ ಕೂತು ಹುಲ್ಲು ಕತ್ತರಿಸುವ ಒಂದು ಕೆಟ್ಟು ಕೂತ ಗಾಡಿಯ ದರ್ಶನಕ್ಕೆ ಹೊರಟಿದ್ದಳು.

ಬೀಗ ತೆಗೆದು, ಬಾಗಿಲನ್ನು ಮೊಣಕೈಯಿಂದ ತಳ್ಳಿ ಅವಳು ಪಕ್ಕಕ್ಕೆ ನಿಂತಳು.

"ಚರ್ಚಿನ ಗಂಟೆ ಹೊಡೆಯೋವರೆಗೂ ನಿಮಗೆ ಟೈಮು. ಅಷ್ಟರಲ್ಲಿ ತಾನಾಗಿ ಓಡಿದ್ರೆ ಮುಂದೆ ಹೋಗ್ಲಿ. ತಳ್ಳೋದು, ಹಗ್ಗ ಕಟ್ಟಿ ಎಳೆಯೋದು, ಅದ್ಯಾವುದೂ ನಡೆಯಲ್ಲ."

"ಆಯ್ತು ಮಾರ್ಲಿಸ್," ಎಂದ ವರ್ಲಿನ್. ಪೆಟ್ರೋಲ್ ಟ್ಯಾಂಕರ್ ಓಡಿಸಿ ನಿವೃತ್ತನಾದವನು; ಶಾಲೆಯಲ್ಲಿ ಅವಳಿಗೂ ಸತ್ತ ಗಂಡ ಡುವೇನನಿಗೂ ಸಹಪಾಠಿ. ಅವನು ಕೋಟು ಬಿಚ್ಚಿ ಗೂಟಕ್ಕೆ ನೇತು ಹಾಕಿ, ತೋಳು ಮಡಿಸಿಕೊಂಡ. ಅವಸರವೇನೂ ಕಾಣಲಿಲ್ಲ. ಈ ಮೂವರಿಗೂ ಜನ್ಮದಲ್ಲಿ ಯಾವುದಕ್ಕೂ ಅವಸರವಿರಲಿಲ್ಲ, ಅದಕ್ಕೇ ತನ್ನ ಗಂಡನ ಸ್ನೇಹಿತರಾಗಿದ್ದರು ಎಂದು ಮಾರ್ಲಿಸ್ ಅಂದುಕೊಂಡಳು.

ಆ ಸೀಮೆಯಲ್ಲಿ ರೈತ ಸತ್ತರೆ ಅವನ ಟ್ರ್ಯಾಕ್ಟರ್ ಹೆಣದ ಕಾರಿನ ಮುಂದೆ ಹೋಗುತ್ತದೆ. ತೊಳೆದು, ಒರೆಸಿ, ಮಗನೋ ತಮ್ಮನೋ ಓಡಿಸಿಕೊಂಡು ಹೋಗುವುದು. ಮಾರ್ಲಿಸ್‌ಳ ಅಪ್ಪ ಸತ್ತಾಗ ಹಾಗೇ ಹೋಗಿತ್ತು. ಮನೆಯಷ್ಟೆತ್ತರದ ಟ್ರ್ಯಾಕ್ಟರು, ಬೀದಿಯ ಎರಡೂ ಕಡೆ ಗಂಡಸರು ಟೋಪಿ ತೆಗೆದು ನಿಂತಿದ್ದರು. ಆಕೆ ದೊಡ್ಡ ಹೊಲಮನೆಯ ಮಗಳು. ಡುವೇನನಿಗೆ ಹೂಕುಂಡ ತುಂಬುವಷ್ಟೂ ಮಣ್ಣಿರಲಿಲ್ಲ. ಶಾಲೆಯಲ್ಲಿ ಕಸ ಗುಡಿಸಿ, ಚಳಿಗಾಲದಲ್ಲಿ ಬಾಯ್ಲರ್ ಉರಿಸಿ, ಮಕ್ಕಳು ಕಾರಿದ ಕಡೆ ಮರದ ಹೊಟ್ಟು ಚೆಲ್ಲಿ ನಲವತ್ತು ವರ್ಷ ಕಳೆದ ಮನುಷ್ಯ. ಅಂಥವನ ಮುಂದೆ ಅವನ ಹುಲ್ಲಿನ ಗಾಡಿ ಹೋಗಲಿ ಎಂದು ಹಿಂದಿನ ಸಂಜೆ ಜೋಲೀನ್ ಹೇಳಿದಾಗ ಮಾರ್ಲಿಸ್ ನಕ್ಕುಬಿಟ್ಟಿದ್ದಳು.

ನಗು ನಿಂತ ಮೇಲೆ ಅವಳಿಗೆ ಸಿಟ್ಟು ಬಂತು. ಅವನು ಬದುಕಿದ್ದಾಗ ಊರೆದುರು ತಲೆಯೆತ್ತಿಕೊಂಡು ಓಡಾಡಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಇನ್ನುಳಿದದ್ದು ಒಂದೇ ದಿನ. ಒಂದು ಮೆರವಣಿಗೆ, ಒಂದು ಪ್ರಾರ್ಥನೆ, ಒಂದು ಊಟ. ಅದೊಂದು ನಗೆಪಾಟಲಾಗದೆ ಮುಗಿದರೆ ಸಾಕಿತ್ತು. ಆದರೆ ಮಗಳು ಅಳುತ್ತಿದ್ದಳು, ನೆಂಟರು ಕೇಳಿಸಿಕೊಳ್ಳುತ್ತಿದ್ದರು. ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದರೆ ಗಂಡ ಸತ್ತ ಮೇಲೂ ಇವಳ ಬಿಗು ಹೋಗಲಿಲ್ಲ ಎನ್ನುತ್ತಾರೆ. ಆಗ ಅವಳಿಗೆ ಈ ಷರತ್ತು ಹೊಳೆಯಿತು. ಇಪ್ಪತ್ತು ಬೇಸಿಗೆ ಓಡದ ಗಾಡಿ ಇವತ್ತು ಒಂದು ಬೆಳಿಗ್ಗೆಯಲ್ಲಿ ಓಡೀತೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂತೆ ಅವಳು ಎಲ್ಲರೆದುರು ಮಾತು ಕೊಟ್ಟಿದ್ದಳು. ಕೊಟ್ಟ ಮಾತಿಗೆ ತಪ್ಪುವ ಮನೆತನವಲ್ಲ ಅವಳದು, ಊರಿಗೆ ಗೊತ್ತು.

ಶೆಡ್ಡಿನೊಳಗೆ ಗಾಡಿ ಮೂಲೆಯಲ್ಲಿ ಕುಕ್ಕರಿಸಿತ್ತು. ಕೆಂಪು ಬಣ್ಣ ಬಿಸಿಲಿಗೆ ಸುಟ್ಟು ಇಟ್ಟಿಗೆಯಂತಾಗಿತ್ತು. ಸೀಟು ಹರಿದು ಟೇಪು ಸುತ್ತಿಸಿಕೊಂಡಿತ್ತು. ಎಂಜಿನ್ನಿನ ಮುಚ್ಚಳ ತೆಗೆದರೆ ಒಳಗೆ ಇಲಿ ಸಂಸಾರ ಹೂಡಿ ಬಿಟ್ಟು ಹೋದ ಗೂಡು. ಕಾರ್ಬೊರೇಟರ್ ಬಿಚ್ಚಿ ಬೆಂಚಿನ ಮೇಲೆ ತಟ್ಟೆಯಲ್ಲಿಟ್ಟಿತ್ತು, ಎಂದಿನಂತೆ. ವರ್ಲಿನ್ ಟ್ಯಾಂಕಿಗೆ ಮೂಗಿಟ್ಟು, ಪೆಟ್ರೋಲು ಬಣ್ಣದ ಎಣ್ಣೆಯ ವಾಸನೆಗೆ ತಿರುಗಿದೆ ಎಂದ. ಎತ್ತರದವನು ಗೂಡನ್ನು ಕೀಳತೊಡಗಿದ. ಕಿವಿ ಕೇಳದ ಮೂರನೆಯವನು ಪ್ಲಗ್ ಬಿಚ್ಚಿ, ಕಪ್ಪನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿದ.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಮಾರ್ಲಿಸ್ ಮೂಗು ಮುರಿದು ಮನೆಯೊಳಗೆ ಹೋದಳು.

*

ಗಾಡಿ ಮನೆಗೆ ಬಂದದ್ದು ಒಂದು ಹರಾಜಿನಿಂದ. ಎಲ್ಲರೂ ಕೂಗಿ ಮುಗಿದ ಮೇಲೆ ಯಾರಿಗೂ ಬೇಡವಾಗಿ ಉಳಿದದ್ದನ್ನು ಡುವೇನ್ ವರ್ಲಿನ್‌ನ ಪಿಕಪ್ಪಿನಲ್ಲಿ ಹಾಕಿಸಿಕೊಂಡು ಬಂದಿದ್ದ. ಎಂಜಿನ್ ತಿರುಗದೆ ಹಿಡಿದುಬಿಟ್ಟಿತ್ತು. ಮಾರ್ಲಿಸ್ ಅಡುಗೆಮನೆಯ ಕಿಟಕಿಯಿಂದಲೇ ನೋಡಿದಳು. ಗಂಡನ ಮುಖದಲ್ಲಿ ಹೊಸ ಕರು ಹೊಡೆದುಕೊಂಡು ಬಂದವನ ಹಿಗ್ಗಿತ್ತು. ಆ ಹಿಗ್ಗನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಮದುವೆಯಾಗಿ ಎರಡು ವರ್ಷಕ್ಕೇ ಅವಳಿಗೆ ತಿಳಿದಿತ್ತು, ಈ ಮನುಷ್ಯ ಹಿಗ್ಗುವುದೆಲ್ಲ ಕೆಲಸಕ್ಕೆ ಬಾರದ್ದಕ್ಕೇ ಎಂದು.

"ಹಿಡ್ಕೊಂಡಿರೋ ಪಿಸ್ಟನ್ ಬಿಡಿಸ್ಬೇಕು ಅಷ್ಟೇ ಕಣೇ," ಎಂದಿದ್ದ. "ಎಣ್ಣೆ ಬಿಟ್ಟು ಒಂದು ವಾರ ಸುಮ್ಮನಿದ್ರೆ ತಾನೇ ಸಡಿಲ ಆಗುತ್ತೆ."

"ಸುಮ್ಮನಿರೋದು ನಿಮಗೆ ಹೇಳಿಕೊಡಬೇಕಾ?" ಎಂದಿದ್ದಳು ಮಾರ್ಲಿಸ್. ಆಮೇಲೆ ಅವನ ಮುಖಕ್ಕೆ ಬೆರಳು ತೋರಿಸಿ ಹೇಳಿದ್ದಳು: "ರಿಪೇರಿ ಮಾಡ್ಕೊಳ್ಳಿ. ಆದ್ರೆ ಅದು ಓಡಿದ ದಿನ ಮಾರ್ಬಿಡಬೇಕು. ಶೆಡ್ಡೂ ಕೆಡವಿಸ್ತೀನಿ, ಅಲ್ಲಿ ನನಗೆ ಗುಲಾಬಿ ಹಾಕೋದಿದೆ. ಒಂದು ದಿನವೂ ಹೆಚ್ಚಿಗೆ ಇಟ್ಕೊಳ್ಳೋ ಹಾಗಿಲ್ಲ."

ಡುವೇನ್ ತಲೆಯಾಡಿಸಿದ್ದ. ಎದುರು ಮಾತಾಡುವ ಗಂಡಸಲ್ಲ ಅವನು. ಹೇಳಿದ್ದನ್ನು ಕೇಳಿಕೊಂಡು, ಟೋಪಿ ಹಾಕಿಕೊಂಡು ಶೆಡ್ಡಿಗೆ ಹೋಗುವವನು.

ಆ ಬೇಸಿಗೆ ಹೋಯಿತು, ಮುಂದಿನದೂ ಹೋಯಿತು. ಗಾಡಿ ಓಡಲಿಲ್ಲ. ಒಮ್ಮೆ ಕಾರ್ಬೊರೇಟರು, ಒಮ್ಮೆ ಬೆಲ್ಟು, ಒಮ್ಮೆ ಇನ್ನೇನೋ. ಮಾರ್ಲಿಸ್ ಹೋದಲ್ಲೆಲ್ಲ ಅದೇ ಕತೆ ಹೇಳಿದಳು. ಚರ್ಚಿನ ಕಾಫಿಯಲ್ಲಿ ಹೇಳಿದಳು, ಕೂದಲು ಕತ್ತರಿಸುವಲ್ಲಿ ಹೇಳಿದಳು, ಅಂಚೆ ಕಚೇರಿಯ ಸಾಲಿನಲ್ಲಿ ಹೇಳಿದಳು. ಮನುಷ್ಯರು ಚಂದ್ರನ ಮೇಲೆ ಕಾಲಿಟ್ಟು ಬಂದರು, ನನ್ನ ಯಜಮಾನರಿಂದ ಒಂದು ಹುಲ್ಲಿನ ಗಾಡಿ ಶೆಡ್ಡು ದಾಟಲಿಲ್ಲ ಎಂದರೆ ಕೇಳಿದವರು ನಗುತ್ತಿದ್ದರು. ಅವನಿಗೆ ನಾಚಿಕೆಯಾಗಲಿ ಎಂದೇ ಅವಳು ಮನೆಯ ಮುಂದಿನ ಹುಲ್ಲನ್ನು ತಳ್ಳುವ ಮೋವರಿನಲ್ಲಿ ತಾನೇ ಕತ್ತರಿಸುತ್ತಿದ್ದಳು. ಶನಿವಾರ, ಊರಿನವರೆಲ್ಲ ಓಡಾಡುವ ಹೊತ್ತಿಗೆ, ಬೆವರು ಒರೆಸಿಕೊಳ್ಳುತ್ತ. ಹಾದು ಹೋಗುವವರು ಕಾರು ನಿಧಾನ ಮಾಡಿ ಕೈ ಬೀಸುತ್ತಿದ್ದರು. ಪಾಪ ಎಂದುಕೊಳ್ಳುತ್ತಾರೆ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು.

*

ಅಡುಗೆಮನೆಯಲ್ಲಿ ನಿಂತು ಅವಳು ಕಿವಿಗೊಟ್ಟು ಕೇಳಿದಳು. ಸ್ಟಾರ್ಟರಿನ ಗರಗರ, ಮತ್ತೆ ಮೌನ. ಮತ್ತೆ ಗರಗರ. ಕೆಮ್ಮು ಕೂಡ ಇಲ್ಲ. ಗೋಡೆ ಗಡಿಯಾರ ನೋಡಿ ಅವಳು ತುಟಿಗೆ ಬಣ್ಣ ತೀಡಿಕೊಂಡಳು. ಟೈಮು ಮುಗಿಯಿತು, ಕೈ ತೊಳೆದುಕೊಳ್ಳಿ ಎಂದು ಹೇಳುವ ಸುಖವನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮತ್ತೆ ಹುಲ್ಲು ದಾಟಿ ಹೋದಳು.

ಗಾಡಿಯನ್ನು ಶೆಡ್ಡಿನ ಬಾಗಿಲಿಗೆ ತಂದಿದ್ದರು. ಮುಂದಿನ ಚಕ್ರಗಳನ್ನು ಎತ್ತಿ ಕೆಳಗೆ ಮರದ ದಿಮ್ಮಿ ಕೊಟ್ಟಿದ್ದರು. ಕಿವಿ ಕೇಳದವನು ನೆಲದ ಮೇಲೆ ಒಂದು ಗೋಣಿ ಹಾಸಿಕೊಂಡು ಕೂತು, ಗಾಡಿಯ ಹೊಟ್ಟೆಯೊಳಗೆ ಕೈ ಹಾಕಿ ಏನನ್ನೋ ಕೆರೆಯುತ್ತಿದ್ದ. ಕೆರೆದದ್ದು ಚಕ್ಕೆ ಚಕ್ಕೆಯಾಗಿ ಅವಳ ಬೂಟಿನ ಮುಂದೆ ಬಿತ್ತು.

ಅದು ಹುಲ್ಲು. ಕತ್ತರಿಸಿ, ಒದ್ದೆಯಾಗಿ ಅಂಟಿ, ಒಣಗಿ, ಅದರ ಮೇಲೆ ಮತ್ತೆ ಅಂಟಿದ ಹುಲ್ಲು. ಪದರ ಪದರವಾಗಿ ಅಂಗೈಯಷ್ಟು ದಪ್ಪ. ಒಳಗಿನ ಪದರಗಳು ಕಪ್ಪು, ಹೊರಗಿನದರಲ್ಲಿ ಇನ್ನೂ ಹಸಿರಿನ ಛಾಯೆ ಇತ್ತು.

ಹೊಲಮನೆಯಲ್ಲಿ ಹುಟ್ಟಿದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದು ಚಕ್ಕೆಯನ್ನು ಬೂಟಿನ ತುದಿಯಿಂದ ತಿರುವಿ ಹಾಕಿ ಅವಳು ಕೇಳಿದಳು:

"ಓಡದೆ ಇರೋ ಗಾಡಿಗೆ ಇದೆಲ್ಲಿಂದ ಬಂತು?"

ಎತ್ತರದವನು ಇಲಿಗೂಡನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತ. ಕಿವಿ ಕೇಳದವನಿಗೆ ಪ್ರಶ್ನೆ ಕೇಳಿಸದಿದ್ದರೂ ಅವಳ ಮುಖ ಕಂಡಿತು, ಕೆರೆಯುವುದು ನಿಲ್ಲಿಸಿದ. ಜೋಲೀನ್ ತಲೆ ತಗ್ಗಿಸಿದಳು.

"ವರ್ಲಿನ್."

"ಬುಧವಾರ," ಎಂದ ವರ್ಲಿನ್.

ಬುಧವಾರ ಬುಧವಾರ ಮಾರ್ಲಿಸ್ ತವರಿನ ಹೊಲಮನೆಗೆ ಹೋಗುತ್ತಿದ್ದಳು. ಮದುವೆಯಾಗದೆ ಉಳಿದ ತಮ್ಮನಿಗೆ ವಾರಕ್ಕಾಗುವಷ್ಟು ಬ್ರೆಡ್ಡು ಸುಟ್ಟಿಟ್ಟು, ಮನೆ ಒರೆಸಿ, ಕತ್ತಲಾಗುವ ಹೊತ್ತಿಗೆ ಹಿಂದಿರುಗುವಳು. ಅವಳ ಕಾರು ಊರಿನ ನೀರಿನ ಟ್ಯಾಂಕು ದಾಟುತ್ತಲೇ ಡುವೇನ್ ಕಾರ್ಬೊರೇಟರ್ ಕೂರಿಸುತ್ತಿದ್ದ. ಮಧ್ಯಾಹ್ನವೆಲ್ಲ ಗಾಡಿ ಓಡಿಸಿ, ಸಂಜೆ ಮತ್ತೆ ಬಿಚ್ಚಿ ತಟ್ಟೆಯಲ್ಲಿಡುತ್ತಿದ್ದ. ಸ್ಮಶಾನದ ಹಿಂದಿನ ಇಳಿಜಾರಿನ ಹುಲ್ಲು ಅವನ ಪಾಲಿನದು. ಕೈಲಾಗದ ಮುದುಕಿಯರ ಮನೆಯಂಗಳದ್ದೂ ಅವನದೇ. ಈ ವರ್ಷವಷ್ಟೇ ಗಾಡಿ ಹೊರಗೆ ತೆಗೆಯುವ ಶಕ್ತಿ ಅವನಿಗಿರಲಿಲ್ಲ. ವರ್ಲಿನ್ ಇದನ್ನೆಲ್ಲ ಒಂದೊಂದೇ ಹೇಳಿದ, ನಡುವೆ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ. ಪಿಸ್ಟನ್ ಮೊದಲ ಬೇಸಿಗೆಯಲ್ಲೇ ಬಿಟ್ಟುಕೊಂಡಿತ್ತು ಎಂದ. ಅವತ್ತು ಡುವೇನ್ ಎಂಜಿನ್ ಸದ್ದು ಕೇಳುತ್ತ ಅರ್ಧ ಗಂಟೆ ನಿಂತಿದ್ದು, ಆಮೇಲೆ ತಾನೇ ಆಫ್ ಮಾಡಿ, "ಓಡಿದ್ರೆ ಮಾರ್ಬೇಕಲ್ಲೋ" ಎಂದಿದ್ದನಂತೆ.

"ಯಾರ್ಯಾರಿಗೆ ಗೊತ್ತು ಇದು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳು ಮಾರ್ಲಿಸ್, ಲೆಕ್ಕ ಬೇಗ ಮುಗಿಯುತ್ತೆ."

ಅವಳು ಮಗಳ ಕಡೆ ತಿರುಗಿದಳು. ಹೇಳಬೇಡ ಅಂತ ಅಪ್ಪ ಅಂದಿದ್ರು ಎಂದಳು ಜೋಲೀನ್, ಮೂಗು ಒರೆಸಿಕೊಳ್ಳುತ್ತ.

ಮಾರ್ಲಿಸ್‌ಗೆ ಮೊದಲು ನೆನಪಾದದ್ದು ಅಂಚೆ ಕಚೇರಿಯ ಸಾಲು. ಆಮೇಲೆ ಚರ್ಚಿನ ಕಾಫಿ. ಚಂದ್ರನ ಮಾತು ಹೇಳಿದಾಗ ನಕ್ಕವರ ಒಂದೊಂದು ಮುಖವೂ ಕಣ್ಣ ಮುಂದೆ ಬಂತು. ಅವರು ನಗುತ್ತಿದ್ದದ್ದು ಡುವೇನನನ್ನು ನೆನೆದು ಎಂದುಕೊಂಡಿದ್ದಳು. ಶನಿವಾರ ಬೆವರು ಸುರಿಸಿ ಮೋವರ್ ತಳ್ಳುತ್ತಿದ್ದವಳನ್ನು ನೋಡಲು ಅವರು ಕಾರು ನಿಧಾನ ಮಾಡುತ್ತಿದ್ದರು. ಯಾವ ನಗೆಪಾಟಲಿಗೆ ಹೆದರಿ ಈ ಷರತ್ತು ಹಾಕಿದ್ದಳೋ, ಅದು ಇಪ್ಪತ್ತು ವರ್ಷದಿಂದ ನಡೆಯುತ್ತಿತ್ತು. ಅವಳ ಬೆನ್ನ ಹಿಂದೆ ಅಲ್ಲ, ಅವಳ ಮುಖದೆದುರಿಗೇ. ಅವಳ ಕೆನ್ನೆ ಉರಿಯಿತು. ಸತ್ತವನ ಮೇಲೆ ಅಷ್ಟು ವರ್ಷ ಅವಳಿಗಿದ್ದದ್ದು ಬರೀ ತಾತ್ಸಾರ. ಈಗ ಕೋಪ ಬಂತು, ಸಮಾನರ ಮೇಲೆ ಬರುವಂಥ ಕೋಪ. ಅದನ್ನು ಸುರಿಯೋಣವೆಂದರೆ ಅವನು ಚರ್ಚಿನಲ್ಲಿ ಪೆಟ್ಟಿಗೆಯೊಳಗೆ, ಅವಳೇ ಆರಿಸಿದ ಟೈ ಕಟ್ಟಿಸಿಕೊಂಡು, ಹಾಯಾಗಿ ಮಲಗಿದ್ದ.

"ಇನ್ನೇನು ಗಂಟೆ ಹೊಡೆಯುತ್ತೆ," ಎಂದಳು. "ಓಡ್ತಾ ಇಲ್ಲವಲ್ಲ? ಅಷ್ಟೇ ನನಗೆ ಬೇಕಾಗಿರೋದು."

ವರ್ಲಿನ್ ಕಾರ್ಬೊರೇಟರಿನ ತೂತನ್ನು ಸಣ್ಣ ತಂತಿಯಿಂದ ಚುಚ್ಚಿ, ಬಾಯಿಟ್ಟು ಊದಿ, ಬೆಳಕಿಗೆ ಹಿಡಿದು ನೋಡಿದ. ಮತ್ತೆ ಕೂರಿಸಿದ. ಟ್ಯಾಂಕು ಖಾಲಿ ಮಾಡಿ ಹೊಸ ಪೆಟ್ರೋಲು ಹಾಕಿದ. ದಿಮ್ಮಿ ತೆಗೆದು ಚಕ್ರ ಇಳಿಸಿದರು. ತನ್ನ ಪಿಕಪ್ಪಿನ ಬ್ಯಾಟರಿಯಿಂದ ತಂತಿ ಎಳೆದು ಸಿಕ್ಕಿಸಿ, ಸೀಟಿನ ಮೇಲೆ ಕೂತು, ಚೋಕ್ ಎಳೆದು ಕೀಲಿ ತಿರುಗಿಸಿದ. ಗರಗರ ಎಂದಿತು, ನಿಂತಿತು. ಮತ್ತೊಮ್ಮೆ. ಮೂರನೆಯ ಸಲ ಒಂದು ಕೆಮ್ಮು ಬಂತು, ಕಪ್ಪು ಹೊಗೆ ಬಂತು, ಗಾಡಿ ಮೈ ಕೊಡವಿ ನಿಂತುಬಿಟ್ಟಿತು.

ಮಾರ್ಲಿಸ್ ಉಸಿರು ಬಿಟ್ಟಳು.

ಆಗ ಎತ್ತರದವನು ಮೆಲ್ಲಗೆ, ಚೋಕ್ ಅರ್ಧ ಒತ್ತು, ಡುವೇನ್ ಅರ್ಧಕ್ಕೇ ಇಡ್ತಿದ್ದ ಎಂದ. ವರ್ಲಿನ್ ಅರ್ಧ ಒತ್ತಿ ಕೀಲಿ ತಿರುಗಿಸಿದ. ಗಾಡಿ ಸ್ಟಾರ್ಟ್ ಆಯಿತು. ಎರಡು ಸಲ ಮುಗ್ಗರಿಸಿ, ಆಮೇಲೆ ಸಮವಾಗಿ, ಗಟ್ಟಿಯಾಗಿ ಓಡತೊಡಗಿತು. ಬಾಗಿಲಿನ ಗಾಜು ಅದುರಿತು. ಮುದುಕರು ನಗಲೂ ಇಲ್ಲ, ಕೈ ತಟ್ಟಲೂ ಇಲ್ಲ. ಮೂವರೂ ಕೈ ಕಟ್ಟಿಕೊಂಡು ಪ್ರಾರ್ಥನೆಗೆ ನಿಂತವರಂತೆ ಆ ಸದ್ದು ಕೇಳಿದರು. ವರ್ಲಿನ್ ಅದನ್ನು ಆಫ್ ಮಾಡಿದ ಮೇಲಷ್ಟೇ ಚರ್ಚಿನ ಗಂಟೆ ಹೊಡೆಯಿತು.

*

ಉಪದೇಶ ಚಿಕ್ಕದೇ ಇತ್ತು. ಡುವೇನ್ ಶಾಂತ ಸ್ವಭಾವದವರು ಎಂದಳು ಪಾದ್ರಿಯಮ್ಮ. ಬೇರೇನು ಹೇಳುವುದು ಎಂದು ಅವಳು ಊರಿನಲ್ಲಿ ನಾಲ್ಕು ಜನರನ್ನು ಕೇಳಿದ್ದಿರಬೇಕು, ಅವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದ್ದಿರಬೇಕು ಎಂದು ಮಾರ್ಲಿಸ್ ಲೆಕ್ಕ ಹಾಕುತ್ತಿದ್ದಳು. ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕುತ್ತಿಗೆಯ ಹಿಂದೆ ಇಡೀ ಊರಿನ ಕಣ್ಣು ಹರಿದಾಡಿದಂತೆ ಅನ್ನಿಸುತ್ತಿತ್ತು.

ಹೊರಗೆ ಬಂದಾಗ ಗಾಡಿ ಹೆಣದ ಕಾರಿನ ಮುಂದೆ ಸದ್ದು ಮಾಡುತ್ತ ನಿಂತಿತ್ತು. ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ವರ್ಲಿನ್ ಕೋಟು ಹಾಕಿಕೊಂಡು ಸೀಟಿನ ಮೇಲೆ ಕೂತಿದ್ದ, ಮೊಣಕಾಲು ಎದೆಯ ಹತ್ತಿರ ಬಂದಿತ್ತು. ಅಪ್ಪನ ಟ್ರ್ಯಾಕ್ಟರಿನ ಚಕ್ರದಷ್ಟೂ ಎತ್ತರವಿರಲಿಲ್ಲ ಆ ಗಾಡಿ. ಮಾರ್ಲಿಸ್ ಅದರ ಕಡೆ ಒಮ್ಮೆಯೂ ನೋಡದೆ ಹಿಂದಿನ ಕಾರಿನಲ್ಲಿ ಮಗಳ ಪಕ್ಕ ಕೂತಳು. ಮಾತು ಕೊಟ್ಟಾಗಿತ್ತು.

ಮೆರವಣಿಗೆ ನಡಿಗೆಗಿಂತ ಸ್ವಲ್ಪ ಜೋರಾಗಿ ಹೊರಟಿತು. ಬೀದಿಯ ಎರಡೂ ಕಡೆ ಜನ ನಿಂತಿದ್ದರು. ನಗುತ್ತಾರೆ ಎಂದು ಅವಳು ಒಂದೊಂದು ಮುಖವನ್ನೂ ಹುಡುಕಿದಳು. ಯಾರೂ ನಗಲಿಲ್ಲ. ಗಂಡಸರು ಟೋಪಿ ತೆಗೆದರು. ಅದಕ್ಕಿಂತ ಕೆಟ್ಟದ್ದು, ಯಾರಿಗೂ ಆಶ್ಚರ್ಯವೂ ಆಗಿರಲಿಲ್ಲ.

"ಅಮ್ಮ, ಕೈ ಬಿಡಮ್ಮ, ನೋಯ್ತಿದೆ," ಎಂದಳು ಜೋಲೀನ್. ಮಗಳ ಕೈಯನ್ನು ಯಾವಾಗ ಹಿಡಿದುಕೊಂಡಿದ್ದಳೋ ಮಾರ್ಲಿಸ್‌ಗೆ ಗೊತ್ತಿರಲಿಲ್ಲ.

ಸ್ಮಶಾನದ ರಸ್ತೆಗೆ ತಿರುಗುವ ಮೊದಲಿನ ಬಿಳಿ ಮನೆಯ ಹತ್ತಿರ ಹೆಣದ ಕಾರು ಗಕ್ಕನೆ ನಿಂತಿತು. ಮಾರ್ಲಿಸ್ ಬಗ್ಗಿ ನೋಡಿದಳು. ಹಿಲ್ಮಾ ಟೀಚರ್ ರಸ್ತೆಯ ನಡುವೆ ನಿಂತಿದ್ದರು. ಮನೆಯಲ್ಲಿ ಹಾಕುವ ಚಪ್ಪಲಿ, ಗುಂಡಿ ತಪ್ಪಿಸಿ ಹಾಕಿದ ಸ್ವೆಟರು. ಮಾರ್ಲಿಸ್‌ಗೆ ಮೂರನೆಯ ತರಗತಿಯಲ್ಲಿ ಪಾಠ ಹೇಳಿದವರು. ಈಗ ತೊಂಬತ್ತು ದಾಟಿ, ಹೋದ ಬೇಸಿಗೆ ಯಾವುದು ಈ ಬೇಸಿಗೆ ಯಾವುದು ಎಂಬ ಗುರುತು ಉಳಿದಿರಲಿಲ್ಲ. ಗಾಡಿಯ ಸದ್ದು ಕೇಳಿ ಹೊರಗೆ ಬಂದಿದ್ದರು. ಮೆಟ್ಟಿಲಿಳಿದು ಬರುವಷ್ಟರಲ್ಲಿ ಗಾಡಿ ಮುಂದೆ ಹೋಗಿತ್ತು. ಎರಡೂ ಕೈಯಲ್ಲಿ ಒಂದು ತುಂಬಿದ ನಿಂಬೆ ಷರಬತ್ತಿನ ಲೋಟ ಹಿಡಿದಿದ್ದರು.

ಕಾರಿನ ಚಾಲಕ ಹಾರ್ನ್ ಹೊಡೆಯುವಂತಿರಲಿಲ್ಲ. ಇಳಿಯಲು ಜೋಲೀನ್ ಬಾಗಿಲಿಗೆ ಕೈ ಹಾಕಿದಳು, ಅಷ್ಟರಲ್ಲಿ ಮಾರ್ಲಿಸ್ ಇಳಿದಾಗಿತ್ತು. ಸಾಕಾಗಿತ್ತು ಅವಳಿಗೆ. ಈ ಮುದುಕಿಯನ್ನು ಪಕ್ಕಕ್ಕೆ ಸರಿಸಿ, ಆ ಮನುಷ್ಯನನ್ನು ಮಣ್ಣಿಗೆ ಇಳಿಸಿ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಾಕು.

"ಡುವೇನ್ ಇವತ್ಯಾಕೆ ನಿಲ್ಲಿಸ್ಲೇ ಇಲ್ಲ?" ಎಂದರು ಹಿಲ್ಮಾ ಟೀಚರ್, ಗಾಡಿ ಹೋದ ಕಡೆಯೇ ನೋಡುತ್ತ. "ಯಾವಾಗ್ಲೂ ನಿಲ್ಲಿಸ್ತಾನೆ."

ಮಾರ್ಲಿಸ್ ಬಾಯಿ ತೆರೆದಳು. ಸತ್ತ ಎಂದರೆ ಎರಡೇ ಅಕ್ಷರ. ಬೆಳಿಗ್ಗೆಯಿಂದ ಹತ್ತು ಜನರಿಗೆ ಹೇಳಿದ್ದಳು. ಈಗ ಅದು ಬರಲಿಲ್ಲ.

"ಅವರಿಗೆ ಇವತ್ತು ಸ್ವಲ್ಪ ಅವಸರ," ಎಂದಳು. ಕೈ ಚಾಚಿದಳು. "ಇಲ್ಲಿ ಕೊಡಿ ಟೀಚರ್. ನಾನು ಅವರಿಗೆ ಕೊಡ್ತೀನಿ."

"ನೀನ್ಯಾರಮ್ಮ?"

"ಅವರ ಹೆಂಡತಿ."

ಹಿಲ್ಮಾ ಟೀಚರ್ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಮೂರನೆಯ ತರಗತಿಯಲ್ಲಿ ಮಗ್ಗಿ ತಪ್ಪಿದವರನ್ನು ನೋಡುತ್ತಿದ್ದ ಹಾಗೆ.

"ಓ," ಎಂದರು. "ನೀನೇನಾ ಅದು."

ಲೋಟವನ್ನು ಹಿಂದಕ್ಕೆಳೆದು ಸ್ವೆಟರಿಗೆ ಒತ್ತಿ ಹಿಡಿದುಕೊಂಡರು. ಸ್ವಲ್ಪ ತುಳುಕಿ ಅವರ ಚಪ್ಪಲಿಯ ಮೇಲೆ ಬಿತ್ತು. ಹಿಂದೆ ಊರಿನ ಕಾರುಗಳೆಲ್ಲ ಸಾಲಾಗಿ ನಿಂತಿದ್ದವು, ಕಿಟಕಿಗಳು ಇಳಿದಿದ್ದವು. ಮುಂದೆ ವರ್ಲಿನ್ ತಿರುಗಿ ನೋಡಿರಲಿಲ್ಲ. ಗಾಡಿ ತನ್ನ ಪಾಡಿಗೆ ಸಮವಾಗಿ ಸದ್ದು ಮಾಡುತ್ತ ತಿರುವು ದಾಟಿ, ಇಳಿಜಾರಿನ ಕಡೆ ಹೋಗುತ್ತಿತ್ತು. ರಸ್ತೆಯ ನಡುವೆ ಮಾರ್ಲಿಸ್ ಚಾಚಿದ ಕೈ ಹಾಗೇ ಇತ್ತು.